ಎರಡು ಸ್ವರ, ಹನ್ನೆರಡು ಬಾರ್: ಜಾಝ್ ಒಳಗೆ ನಡೆಯುವುದೇನು?

ಅಮೆರಿಕದ ಜಾಝ್ ಸಂಯೋಜಕ, ಪಿಯಾನೊ ವಾದಕ ಡ್ಯೂಕ್ ಎಲಿಂಗ್ಟನ್ ಅವರ ‘ಸಿ ಜಾಮ್ ಬ್ಲೂಸ್’ನ ಮುಖ್ಯ ಟ್ಯೂನಿನಲ್ಲಿ ಇರುವುದು ಎರಡೇ ಸ್ವರ. ಸಿ ಕೀಯನ್ನು ಷಡ್ಜವಾಗಿ ಹಿಡಿದರೆ ಅವು ಪ ಮತ್ತು ಮೇಲಿನ ಸ. ಒಂದು ಪುಟ್ಟ ತುಣುಕು, ಅದನ್ನೇ ಮೂರು ಸಲ ಹೇಳಿದರೆ ಟ್ಯೂನ್ ಮುಗಿಯಿತು. ಕೀಬೋರ್ಡ್ ಮುಟ್ಟಿ ಗೊತ್ತಿಲ್ಲದವರೂ ಕೂತ ಜಾಗದಲ್ಲೇ ಕಲಿತುಬಿಡಬಹುದು. ಆದರೆ 1942ರ ಜನವರಿಯಲ್ಲಿ ಎಲಿಂಗ್ಟನ್ ವಾದ್ಯವೃಂದ ಧ್ವನಿಮುದ್ರಿಸಿದ, ಮೂರು ನಿಮಿಷವೂ ತುಂಬದ ಆ ರೆಕಾರ್ಡಿನಲ್ಲಿ ಜಾಝ್‌ನ ಮೂಲ ಅಂಗಗಳು ಹೆಚ್ಚುಕಡಿಮೆ ಎಲ್ಲವೂ ಇವೆ. ನಾಲ್ಕು ಬೀಟಿನ ಹನ್ನೆರಡು ಬಾರುಗಳ ಬ್ಲೂಸ್ ಚೌಕಟ್ಟು, ಸ್ವಿಂಗ್ ಎಂಬ ಲಯದ ನಡೆ, ಒಟ್ಟಿಗೆ ನುಡಿಸುವ ಸ್ವರಗುಂಪುಗಳಾದ ಕಾರ್ಡುಗಳ ಓಡಾಟ, ಸರದಿಯ ಸೋಲೊ, ವಾದಕರ ನಡುವಿನ ಮಾತುಕತೆ.

ಜಾಝ್ ಎಂದರೆ ತೋಚಿದ್ದನ್ನು ನುಡಿಸುವುದು ಎಂಬ ಮಾತು ನಮ್ಮಲ್ಲಿ ಬಹಳ ಓಡಾಡುತ್ತದೆ. ತೋಚಿದ್ದನ್ನು ನುಡಿಸುವುದೇನೋ ಹೌದು. ಆದರೆ ಯಾವ ಬಾರಿನಲ್ಲಿದ್ದೇನೆ, ಕೆಳಗೆ ಯಾವ ಕಾರ್ಡ್ ನಡೆಯುತ್ತಿದೆ ಎಂಬ ಲೆಕ್ಕ ನುಡಿಸುವವನ ತಲೆಯಲ್ಲಿ ಒಂದು ಗಳಿಗೆಯೂ ನಿಲ್ಲುವ ಹಾಗಿಲ್ಲ. ಕೇಳುವವರಿಗೂ ಆ ಲೆಕ್ಕ ಸಿಕ್ಕರೆ ಗದ್ದಲದಂತೆ ಕೇಳುತ್ತಿದ್ದುದು ಬಿಡಿಬಿಡಿಯಾಗಿ ಅರ್ಥವಾಗತೊಡಗುತ್ತದೆ.

ನಲವತ್ತೆಂಟು ಬೀಟಿನ ಆವರ್ತ

ಒಂದು ಬಾರಿಗೆ ನಾಲ್ಕು ಬೀಟ್. ಹನ್ನೆರಡು ಬಾರಿಗೆ 48 ಬೀಟ್. ಇಷ್ಟಕ್ಕೆ ‘ಕೋರಸ್’ ಎನ್ನುತ್ತಾರೆ. ಹಾಡಿನ ಪಲ್ಲವಿಗೂ ಈ ಕೋರಸ್‌ಗೂ ಸಂಬಂಧವಿಲ್ಲ, ಇದು ಒಂದು ಪೂರ್ತಿ ಸುತ್ತು. ನಿಮಿಷಕ್ಕೆ 120 ಬೀಟಿನ ವೇಗದಲ್ಲಿ ಒಂದು ಕೋರಸ್‌ಗೆ 24 ಸೆಕೆಂಡ್ ಹಿಡಿಯುತ್ತದೆ. ಟ್ಯೂನ್ ಮುಗಿದರೂ ಸುತ್ತು ನಿಲ್ಲುವುದಿಲ್ಲ. ಸ್ಯಾಕ್ಸೊಫೋನ್ ಸೋಲೊ ಮೂರು ಕೋರಸ್ ನಡೆದರೆ ಅದೇ ಹನ್ನೆರಡು ಬಾರ್ ಕೆಳಗೆ ಮೂರು ಸಲ ತಿರುಗಿರುತ್ತದೆ. ಸರಳ ರೂಪದಲ್ಲಿ ಅದರ ಕಾರ್ಡುಗಳ ನಕ್ಷೆ ಹೀಗಿದೆ:

ಸಿ7 | ಸಿ7 | ಸಿ7 | ಸಿ7
ಎಫ್7 | ಎಫ್7 | ಸಿ7 | ಸಿ7
ಜಿ7 | ಎಫ್7 | ಸಿ7 | ಜಿ7

ಮೂರು ಸಾಲು, ಸಾಲಿಗೆ ನಾಲ್ಕು ಬಾರ್. ಕೊನೆಯ ಬಾರಿನ ಜಿ7 ಮತ್ತೆ ಮೊದಲಿಗೆ ಎಳೆದು ತರುವ ಕೊಂಡಿ, ಅದಕ್ಕೆ ಟರ್ನ್‌ಅರೌಂಡ್ ಎಂಬ ಹೆಸರಿದೆ. ಜಾಝ್ ವಾದಕರು ಈ ನಕ್ಷೆಯನ್ನು ಹೀಗೇ ಬಿಡುವುದು ಅಪರೂಪ. ಎರಡನೆಯ ಬಾರಿನಲ್ಲೇ ಒಮ್ಮೆ ಎಫ್7ಗೆ ಹೋಗಿ ಬರುತ್ತಾರೆ, ಎಂಟನೆಯ ಬಾರಿನಲ್ಲಿ ಎ7 ಇಡುತ್ತಾರೆ, ಒಂಬತ್ತು-ಹತ್ತರಲ್ಲಿ ಜಿ7, ಎಫ್7 ಬದಲು ಡಿ ಮೈನರ್7, ಜಿ7 ನುಡಿಸುತ್ತಾರೆ. ಒಳಗಿನ ದಾರಿ ಎಷ್ಟೇ ಬದಲಾದರೂ ಮೂರು ಕಂಬ ಅಲ್ಲಾಡುವುದಿಲ್ಲ: ಒಂದನೆಯ ಬಾರಿನಲ್ಲಿ ಸಿ7, ಐದನೆಯದರಲ್ಲಿ ಎಫ್7, ಹನ್ನೊಂದರಲ್ಲಿ ಮನೆಗೆ ವಾಪಸು. ದಾರಿ ತಪ್ಪಿದಾಗ ಹುಡುಕಬೇಕಾದ್ದು ಐದನೆಯ ಬಾರನ್ನು. ಇಡೀ ಸುತ್ತಿನಲ್ಲಿ ಅತ್ಯಂತ ಸುಲಭವಾಗಿ ಕಿವಿಗೆ ಬೀಳುವ ತಿರುವು ಅದು.

ಆಧಾರವೇ ಜಾರುವ ಸಂಗೀತ

ಕರ್ನಾಟಕ ಅಥವಾ ಹಿಂದೂಸ್ತಾನಿ ಕೇಳಿ ಬೆಳೆದ ಕಿವಿಗೆ ಜಾಝ್ ಕಷ್ಟವಾಗುವುದು ತಾಳದಿಂದಲ್ಲ, ಶ್ರುತಿಯಿಂದ. ನಮ್ಮಲ್ಲಿ ತಂಬೂರಿ ಕಛೇರಿಯ ಉದ್ದಕ್ಕೂ ಒಂದೇ ಷಡ್ಜವನ್ನು ಹಿಡಿದಿರುತ್ತದೆ, ಪ್ರತಿ ಸ್ವರದ ಬೆಲೆಯೂ ಅದರಿಂದ ತೀರ್ಮಾನವಾಗುತ್ತದೆ. ಜಾಝ್‌ನಲ್ಲಿ ಕಾರ್ಡ್ ಬದಲಾದಾಗಲೆಲ್ಲ ಆಧಾರವೇ ಜಾಗ ಬದಲಿಸುತ್ತದೆ.

ಎಲಿಂಗ್ಟನ್‌ರ ಎರಡು ಸ್ವರಗಳನ್ನೇ ನೋಡಿ. ಮೊದಲ ಸಾಲಿನಲ್ಲಿ ಕೆಳಗೆ ಸಿ7 ಇದೆ, ಜಿ ಎಂಬ ಸ್ವರ ನೆಮ್ಮದಿಯ ಪಂಚಮ. ಎರಡನೆಯ ಸಾಲಿನಲ್ಲಿ ಕೆಳಗೆ ಎಫ್7 ಬಂತು. ಅದೇ ಜಿ ಈಗ ಎಫ್‌ನಿಂದ ಎಣಿಸಿದರೆ ಚತುಶ್ರುತಿ ರಿಷಭ, ಷಡ್ಜವಾಗಿದ್ದ ಸಿ ಈಗ ಪಂಚಮ. ಮೂರನೆಯ ಸಾಲಿನಲ್ಲಿ ಜಿ7 ಬಂದಾಗ ಜಿ ತಾನೇ ಷಡ್ಜವಾಗುತ್ತದೆ. ಅದರ ಮೇಲೆ ಸಿ ಬಿದ್ದರೆ ಅದು ಮಧ್ಯಮ, ಕಾರ್ಡಿನೊಳಗಿರುವ ಬಿ ಸ್ವರಕ್ಕೆ ಅರ್ಧ ಸ್ವರ ಮೇಲೆ ಕೂತು ಸಣ್ಣಗೆ ಚುಚ್ಚುತ್ತದೆ. ಟ್ಯೂನ್ ಹಾಗೇ ಇದೆ, ಬಣ್ಣ ಮಾತ್ರ ಮೂರು ಸಲ ಬದಲಾಯಿತು. ಎರಡೇ ಸ್ವರದಲ್ಲಿ ಒಂದು ಟ್ಯೂನ್ ನಿಲ್ಲುವುದು ಇದರಿಂದಲೇ.

ಕಾರ್ಡ್ ಎಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪು. ಸಿ7ನಲ್ಲಿ ನಾಲ್ಕು ಸ್ವರ: ಸಿ, ಇ, ಜಿ, ಬಿ ಫ್ಲಾಟ್ (ಬಿಗಿಂತ ಅರ್ಧ ಸ್ವರ ಕೆಳಗಿನದು). ಅಂದರೆ ಷಡ್ಜ, ಅಂತರ ಗಾಂಧಾರ, ಪಂಚಮ, ಕೈಶಿಕಿ ನಿಷಾದ. ಇವುಗಳಲ್ಲಿ ಕಾರ್ಡಿನ ಗುಣವನ್ನು ಹೇಳುವವು ಗಾಂಧಾರ ಮತ್ತು ನಿಷಾದ ಮಾತ್ರ. ಷಡ್ಜವನ್ನು ಕೆಳಸ್ಥಾಯಿಯ ತಂತಿವಾದ್ಯವಾದ ಬೇಸ್ ನುಡಿಸುವವನು ನೋಡಿಕೊಳ್ಳುತ್ತಾನೆ, ಪಂಚಮವನ್ನು ಬಿಟ್ಟರೂ ಏನೂ ಕಳೆದುಕೊಳ್ಳುವುದಿಲ್ಲ. ಗಾಂಧಾರ, ನಿಷಾದ ಈ ಎರಡಕ್ಕೆ ಗೈಡ್ ಟೋನ್ ಎನ್ನುತ್ತಾರೆ, ಬ್ಲೂಸ್ ಕಲಿಯಲು ಇವಕ್ಕಿಂತ ಒಳ್ಳೆಯ ದಾರಿ ಇಲ್ಲ.

ಕೀಬೋರ್ಡ್ ಇದ್ದರೆ ಮಧ್ಯದ ಸಿಗಿಂತ ಕೆಳಗಿರುವ ಇ ಮತ್ತು ಬಿ ಫ್ಲಾಟ್ ಮೇಲೆ ಎರಡು ಬೆರಳಿಡಿ. ಇದು ಸಿ7. ಕರಿ-ಬಿಳಿ ಎಂದು ನೋಡದೆ ಎರಡೂ ಬೆರಳನ್ನು ಒಂದೊಂದು ಕೀ ಕೆಳಗೆ ಸರಿಸಿದರೆ ಇ ಫ್ಲಾಟ್ ಮತ್ತು ಎ. ಇದು ಎಫ್7. ಮೊದಲಿನ ಜಾಗದಿಂದ ಒಂದೊಂದು ಕೀ ಮೇಲೆ ಸರಿಸಿದರೆ ಎಫ್ ಮತ್ತು ಬಿ. ಇದು ಜಿ7. ಇಡೀ ಹನ್ನೆರಡು ಬಾರ್ ಇಷ್ಟರಲ್ಲೇ ಮುಗಿಯಿತು: ನಡು, ಒಂದು ಕೀ ಕೆಳಗೆ, ಒಂದು ಕೀ ಮೇಲೆ. ಗೆಳೆಯರೊಬ್ಬರು ಸಿ, ಎಫ್, ಜಿ ಸ್ವರಗಳನ್ನು ಕೆಳಗಿನ ಸ್ಥಾಯಿಯಲ್ಲಿ ನುಡಿಸಿದರೆ ಪೂರ್ತಿ ಬ್ಲೂಸ್ ಕೇಳುತ್ತದೆ. ಬೇಸ್ ಇಲ್ಲದಿದ್ದರೆ ಆ ಜೋಡಿಗೆ ಎರಡು ಅರ್ಥ, ಏಕೆಂದರೆ ಇ ಮತ್ತು ಬಿ ಫ್ಲಾಟ್ ಎಫ್ ಶಾರ್ಪ್7 ಕಾರ್ಡಿಗೂ ಸೇರಿದವು. ಜಾಣ ಬೇಸ್ ವಾದಕರು ಇದನ್ನೇ ಬಳಸಿಕೊಂಡು ನಾಲ್ಕನೆಯ ಬಾರಿನ ಕೊನೆಗೆ ಸಿ ಬದಲು ಎಫ್ ಶಾರ್ಪ್ ನುಡಿಸಿ, ಅಲ್ಲಿಂದ ಅರ್ಧ ಸ್ವರ ಇಳಿದು ಎಫ್‌ಗೆ ಬರುತ್ತಾರೆ. ಪಿಯಾನೊದವನ ಬೆರಳು ಕದಲಿರುವುದೇ ಇಲ್ಲ.

ಇನ್ನು ಬ್ಲೂ ನೋಟ್, ಅಂದರೆ ಮಾಮೂಲಿಗಿಂತ ತುಸು ಇಳಿಸಿ ಹಾಡುವ ಸ್ವರ. ಸಿ ಬ್ಲೂಸ್ ಸ್ಕೇಲ್‌ನಲ್ಲಿ ಸಿ, ಇ ಫ್ಲಾಟ್, ಎಫ್, ಎಫ್ ಶಾರ್ಪ್, ಜಿ, ಬಿ ಫ್ಲಾಟ್ ಇವೆ. ಸಾಧಾರಣ ಗಾಂಧಾರ, ಎರಡೂ ಮಧ್ಯಮ, ಕೈಶಿಕಿ ನಿಷಾದ. ಕಾರ್ಡಿನಲ್ಲಿ ಅಂತರ ಗಾಂಧಾರ, ಮೇಲಿನ ಹಾಡಿಕೆಯಲ್ಲಿ ಸಾಧಾರಣ ಗಾಂಧಾರ. ಈ ತಿಕ್ಕಾಟವೇ ಬ್ಲೂಸ್‌ನ ರುಚಿ. ಗಾಯಕರೂ ಗಾಳಿವಾದ್ಯದವರೂ ಎರಡು ಗಾಂಧಾರಗಳ ನಡುವೆ ಎಲ್ಲೋ ಸ್ವರವನ್ನು ಹಿಡಿದು ಜಾರಿಸುತ್ತಾರೆ. ಗಮಕಕ್ಕೆ ಒಗ್ಗಿದ ಕಿವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಿಯಾನೊಗೆ ಜಾರಲು ಬರುವುದಿಲ್ಲ, ಅದಕ್ಕೇ ಪಿಯಾನೊದವರು ಇ ಫ್ಲಾಟ್ ಮುಟ್ಟಿ ಕೂಡಲೇ ಇಗೆ ಬೆರಳು ಜಾರಿಸಿ, ಎರಡನ್ನೂ ಒಂದರೊಳಗೊಂದು ಅರೆದಂತೆ ನುಡಿಸುತ್ತಾರೆ.

ಸ್ವಿಂಗ್: ತಕಿಟದಲ್ಲಿ ಕಿ ಮೌನ

ಒಂದು ಬೀಟನ್ನು ಎರಡು ಭಾಗ ಮಾಡಿ ನುಡಿಸುವಾಗ ಜಾಝ್‌ನಲ್ಲಿ ಅವು ಸಮಭಾಗವಾಗಿರುವುದಿಲ್ಲ. ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ತಿಶ್ರ ನಡೆಯಲ್ಲಿ ‘ತಕಿಟ’ ಹೇಳಿ, ‘ತ’ವನ್ನು ‘ಕಿ’ಯ ಮೇಲೂ ಎಳೆದು, ‘ಟ’ವನ್ನು ಬಿಡಿಯಾಗಿ ಮುಟ್ಟಿದರೆ ಸ್ವಿಂಗ್‌ನ ಹತ್ತಿರ ಬಂದಿರುತ್ತೀರಿ. ನಿಮಿಷಕ್ಕೆ 120 ಬೀಟಿನಲ್ಲಿ ಒಂದು ಬೀಟ್ ಅರ್ಧ ಸೆಕೆಂಡ್. ಎರಡಕ್ಕೊಂದರ ಪ್ರಮಾಣದಲ್ಲಿ ಮೊದಲ ಭಾಗ ಸುಮಾರು 333 ಮಿಲಿಸೆಕೆಂಡ್, ಎರಡನೆಯದು 167.

ಆದರೆ ಈ ಪ್ರಮಾಣ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ವೇಗ ಏರಿದಂತೆ ಎರಡು ಭಾಗಗಳೂ ಸಮವಾಗುತ್ತ ಹೋಗುತ್ತವೆ. ನಿಮಿಷಕ್ಕೆ 300 ಬೀಟಿನ ಬೀಬಾಪ್ ಎಂಬ ವೇಗದ ಜಾಝ್ ಶೈಲಿಯಲ್ಲಿ ಅವು ಹೆಚ್ಚುಕಡಿಮೆ ಸಮಾನ. ಹೊಸಬರ ತಪ್ಪು ಆಗುವುದು ಇಲ್ಲೇ. ಎಲ್ಲ ವೇಗದಲ್ಲೂ ಒಂದೇ ಕುಂಟು ನಡಿಗೆ ಇಟ್ಟುಕೊಂಡು, ಉದ್ದವನ್ನು ಇನ್ನೂ ಉದ್ದ ಮಾಡಿದರೆ ಕುದುರೆ ಓಟದ ಸದ್ದು ಬರುತ್ತದೆಯೇ ಹೊರತು ಸ್ವಿಂಗ್ ಬರುವುದಿಲ್ಲ. ಅಳತೆಗಿಂತ ಒತ್ತು ಎಲ್ಲಿ ಬೀಳುತ್ತದೆ ಎಂಬುದು ಮುಖ್ಯ. ಗಿಡ್ಡ ಭಾಗಕ್ಕೆ ಸ್ವಲ್ಪ ಒತ್ತು ಕೊಟ್ಟು, ಅದನ್ನು ಮುಂದಿನ ಬೀಟಿಗೆ ತುಂಡಾಗದಂತೆ ಕೂಡಿಸಬೇಕು. ಸ್ಯಾಕ್ಸೊಫೋನ್‌ನಲ್ಲಿ ನಾಲಗೆಯನ್ನು ಗಿಡ್ಡ ಸ್ವರಕ್ಕೆ ತಾಗಿಸಿ, ಮುಂದಿನ ಉದ್ದ ಸ್ವರಕ್ಕೆ ತಾಗಿಸದೆ ಊದಿದರೆ ಇದು ತಾನಾಗಿ ಬರುತ್ತದೆ.

ಚಪ್ಪಾಳೆಯದೂ ಅದೇ ಕಥೆ. ನಮ್ಮ ಕೈ ಒಂದು ಮತ್ತು ಮೂರಕ್ಕೆ ಬೀಳುತ್ತದೆ, ಜಾಝ್‌ನಲ್ಲಿ ಬೀಳಬೇಕಾದ್ದು ಎರಡು ಮತ್ತು ನಾಲ್ಕಕ್ಕೆ. ಅಭ್ಯಾಸಕ್ಕೆ ಬೀಟ್ ಹೇಳುವ ಮೆಟ್ರೊನೋಮ್ ಯಂತ್ರವನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಅದರ ಪ್ರತಿ ಸದ್ದನ್ನೂ ‘ಎರಡು’, ‘ನಾಲ್ಕು’ ಎಂದು ಎಣಿಸಿ. ಒಂದು ಮತ್ತು ಮೂರು ಸದ್ದಿಲ್ಲದ ಜಾಗದಲ್ಲಿ ನಿಮ್ಮೊಳಗೇ ಹುಟ್ಟಬೇಕು. ಮೊದಮೊದಲು ಎಣಿಕೆ ತಿರುಗಿ ಮೆಟ್ರೊನೋಮಿನ ಸದ್ದೇ ‘ಒಂದು’ ಆಗಿಬಿಡುತ್ತದೆ. ಆಗ ನಿಲ್ಲಿಸಿ ಮತ್ತೆ ಶುರು ಮಾಡುವುದೇ ಸರಿ, ಎಳೆದಾಡಿ ಸರಿಪಡಿಸಲು ಹೋದರೆ ಅಭ್ಯಾಸವೇ ಕೆಡುತ್ತದೆ.

ಕೆಳಗಿನ ಮೂವರು

ಪಿಯಾನೊ, ಡಬಲ್ ಬೇಸ್, ಡ್ರಮ್ಸ್. ಇವರಿಗೆ ರಿದಮ್ ಸೆಕ್ಷನ್ ಎಂದು ಹೆಸರು. ಪಿಯಾನೊ ಜಾಗದಲ್ಲಿ ಅಥವಾ ಜೊತೆಗೆ ಗಿಟಾರ್ ಇರಬಹುದು.

ಬೇಸ್ ವಾದಕ ಬೀಟಿಗೊಂದರಂತೆ ಬಾರಿಗೆ ನಾಲ್ಕು ಸ್ವರ ನುಡಿಸುತ್ತ ನಡೆಯುತ್ತಾನೆ. ಇದಕ್ಕೇ ವಾಕಿಂಗ್ ಬೇಸ್ ಎನ್ನುವುದು. ಮೊದಲ ಬೀಟಿನಲ್ಲಿ ಸಾಮಾನ್ಯವಾಗಿ ಕಾರ್ಡಿನ ಷಡ್ಜ, ನಾಲ್ಕನೆಯದರಲ್ಲಿ ಮುಂದಿನ ಕಾರ್ಡಿನ ಷಡ್ಜಕ್ಕೆ ಅರ್ಧ ಸ್ವರ ಮೇಲಿನ ಅಥವಾ ಕೆಳಗಿನ ಸ್ವರ. ಸಿ7ನಿಂದ ಎಫ್7ಗೆ ಹೋಗಬೇಕಾದರೆ ಸಿ, ಇ, ಜಿ, ಎಫ್ ಶಾರ್ಪ್, ಆಮೇಲೆ ಎಫ್. ಎಫ್ ಶಾರ್ಪ್ ಸಿ7ಗೆ ಸೇರಿದ್ದಲ್ಲ, ಒಂಟಿಯಾಗಿ ನುಡಿಸಿದರೆ ಅಪಸ್ವರ. ಮುಂದಿನ ಬೀಟಿಗೆ ದಾರಿ ತೋರಿಸುವುದರಿಂದ ಅದು ಸಲ್ಲುತ್ತದೆ. ಜಾಝ್‌ನಲ್ಲಿ ‘ತಪ್ಪು’ ಸ್ವರಗಳು ಸರಿಹೋಗುವ ರೀತಿ ಬಹುಮಟ್ಟಿಗೆ ಇದೇ: ಎಲ್ಲಿ ನಿಂತೆ ಎನ್ನುವುದಕ್ಕಿಂತ ಎಲ್ಲಿಗೆ ಹೋಗಿ ಸೇರಿದೆ ಎನ್ನುವುದರ ಮೇಲೆ ತೀರ್ಮಾನ.

ಡ್ರಮ್ಸ್‌ನಲ್ಲಿ ಕಾಲ ಹಿಡಿಯುವುದು ದೊಡ್ಡ ಡೋಲಲ್ಲ, ಬಲಗೈ ಕಡೆಯ ಲೋಹದ ತಟ್ಟೆ, ರೈಡ್ ಸಿಂಬಲ್. ‘ಡಿಂಗ್, ಡಿಂಗ್-ಗ, ಡಿಂಗ್, ಡಿಂಗ್-ಗ’ ಎಂದು ನಾಲ್ಕು ಬೀಟ್, ಎರಡು ಮತ್ತು ನಾಲ್ಕರಲ್ಲಿ ಆ ‘ಗ’. ಎಡಗಾಲು ಹೈ-ಹ್ಯಾಟ್ ಎಂಬ ಜೋಡಿ ಸಿಂಬಲನ್ನು ಎರಡು, ನಾಲ್ಕಕ್ಕೆ ಮುಚ್ಚುತ್ತದೆ. ಹಿಂದೆ ಬೇಸ್ ಡ್ರಮ್ ಎಂಬ ದೊಡ್ಡ ಡೋಲು ನಾಲ್ಕೂ ಬೀಟನ್ನು ಗಟ್ಟಿಯಾಗಿ ಹೊಡೆಯುತ್ತಿತ್ತು. 1940ರ ಆಸುಪಾಸಿನಲ್ಲಿ ಡ್ರಮ್ಸ್ ವಾದಕ ಕೆನ್ನಿ ಕ್ಲಾರ್ಕ್ ಆ ಕೆಲಸವನ್ನು ಸಿಂಬಲ್‌ಗೆ ಒಪ್ಪಿಸಿ, ಬೇಸ್ ಡ್ರಮ್ಮನ್ನು ಅನಿರೀಕ್ಷಿತ ಹೊಡೆತಗಳಿಗೆ ಬಿಡುಗಡೆ ಮಾಡಿದರು. ಬೀಬಾಪ್‌ನ ಡ್ರಮ್ಸ್ ಹಗುರಾಗಿ ಹಾರುವಂತೆ ಕೇಳುವುದು ಇದರಿಂದ.

ಪಿಯಾನೊದವನ ಕೆಲಸಕ್ಕೆ ಕಂಪಿಂಗ್ ಎನ್ನುತ್ತಾರೆ: ಸೋಲೊ ಹಿಂದೆ ಗಿಡ್ಡ ಗಿಡ್ಡ ಕಾರ್ಡುಗಳನ್ನು ಬೀಟಿನ ಸಂದಿಯಲ್ಲಿ ಎಸೆಯುವುದು. ಕಲಿಯಲು ಸುಲಭವಾದ ಒಂದು ಪಾಠವಿದೆ. ಒಂದನೆಯ ಬೀಟಿನ ಮೇಲೊಂದು, ಎರಡನೆಯ ಬೀಟಿನ ಗಿಡ್ಡ ಭಾಗದ ಮೇಲೊಂದು, ಉಳಿದ ಬಾರ್ ಖಾಲಿ. ಹೊಸ ಪಿಯಾನೊ ವಾದಕರು ಕೆಡಿಸುವುದು ಎರಡು ರೀತಿಯಲ್ಲಿ. ಒಂದು, ಎಡಗೈಯಲ್ಲಿ ಷಡ್ಜವನ್ನು ಗಟ್ಟಿಯಾಗಿ ಹಿಡಿದು ಬೇಸಿನ ದಾರಿಗೆ ಅಡ್ಡ ಬರುವುದು. ಇನ್ನೊಂದು, ಪೆಡಲ್ ಒತ್ತಿ ಎಲ್ಲವನ್ನೂ ಕಲಸುವುದು. ಎರಡಕ್ಕೂ ಮದ್ದು ಮೇಲೆ ಹೇಳಿದ ಎರಡು ಬೆರಳು, ಪೆಡಲ್ ಮೇಲೆ ಕಾಲಿಡದೆ.

ಸೋಲೊ ಕಟ್ಟುವುದು

ಸ್ಕೇಲ್ ಕಲಿತು ಅದರಲ್ಲಿ ಮೇಲೆ ಕೆಳಗೆ ಓಡಾಡಿದರೆ ಸೋಲೊ ಆಗುವುದಿಲ್ಲ. ಬ್ಲೂಸ್ ಸ್ಕೇಲಿನ ಒಂದು ಅಪಾಯವೆಂದರೆ ಅದು ಹನ್ನೆರಡೂ ಬಾರಿಗೆ ಹೊಂದುತ್ತದೆ, ಆದ್ದರಿಂದ ಕಾರ್ಡ್ ಬದಲಾದದ್ದೇ ಗೊತ್ತಿಲ್ಲದಂತೆ ನುಡಿಸಬಹುದು. ಕೇಳುಗನಿಗೂ ಗೊತ್ತಾಗುವುದಿಲ್ಲ, ಎರಡೇ ಕೋರಸ್‌ಗೆ ಬೇಸರ ಬರುತ್ತದೆ. ಸರಿಯಾದ ಪರೀಕ್ಷೆ ಹೀಗೆ: ಬೇಸನ್ನೂ ಪಿಯಾನೊವನ್ನೂ ನಿಲ್ಲಿಸಿ ನಿಮ್ಮ ಸೋಲೊ ಒಂದನ್ನೇ ಕೇಳಿದಾಗ ಐದನೆಯ ಬಾರ್ ಎಲ್ಲಿ ಬಂತು ಎಂದು ತಿಳಿಯಬೇಕು.

ಅದಕ್ಕೆ ಮೊದಲ ಹೆಜ್ಜೆ ಹಾಡುವುದು. ನಾಲ್ಕನೆಯ ಬಾರಿನಲ್ಲಿ ಇ ಹಿಡಿದು, ಐದನೆಯ ಬಾರಿನ ಮೊದಲ ಬೀಟಿಗೆ ಇ ಫ್ಲಾಟ್‌ಗೆ ಇಳಿಯಿರಿ. ಅಂತರದಿಂದ ಸಾಧಾರಣಕ್ಕೆ, ಅಷ್ಟೇ. ಏಳನೆಯ ಬಾರಿಗೆ ಮತ್ತೆ ಇಗೆ ಏರಿ, ಒಂಬತ್ತಕ್ಕೆ ಎಫ್. ಈ ಒಂದು ಎಳೆ ಬಾಯಿಗೆ ಬಂದಮೇಲೆ ಅದರ ಸುತ್ತ ಇನ್ನೊಂದೆರಡು ಸ್ವರ ಸೇರಿಸಿ. ಎರಡನೆಯ ಹೆಜ್ಜೆ ಮಾತಿನ ವಿನ್ಯಾಸ: ಸಾಲಿನ ಮೊದಲ ಎರಡು ಬಾರ್ ನುಡಿಸಿ, ಮುಂದಿನ ಎರಡು ಬಾರ್ ಸುಮ್ಮನಿರಿ. ಎರಡನೆಯ ಸಾಲಿನಲ್ಲಿ ಅದೇ ಮಾತನ್ನು ಸ್ವಲ್ಪ ತಿರುಚಿ ಹೇಳಿ, ಮೂರನೆಯದರಲ್ಲಿ ಉತ್ತರ ಕೊಡಿ. ಬ್ಲೂಸ್ ಹಾಡುಗಳ ಸಾಹಿತ್ಯ ಬಹುತೇಕ ಹೀಗೇ ಇರುತ್ತದೆ, ಒಂದೇ ಸಾಲು ಎರಡು ಸಲ, ಮೂರನೆಯದು ಅದಕ್ಕೆ ಜವಾಬು. ಸುಮ್ಮನಿರುವ ಆ ಎರಡು ಬಾರುಗಳು ಖಾಲಿಯಲ್ಲ, ಪಿಯಾನೊ ಅಥವಾ ಡ್ರಮ್ಸ್ ಅಲ್ಲಿ ಮಾತು ಸೇರಿಸುತ್ತವೆ. ಆಫ್ರಿಕನ್-ಅಮೆರಿಕನ್ ಚರ್ಚುಗಳಲ್ಲೂ ಹೊಲಗೆಲಸದ ಹಾಡುಗಳಲ್ಲೂ ಇದ್ದ ಈ ಕರೆ-ಓಗೊಡುವಿಕೆ ನ್ಯೂ ಆರ್ಲಿಯನ್ಸ್ ಊರಿನ ಬ್ರಾಸ್ ಬ್ಯಾಂಡುಗಳ ಜೊತೆ ಬೆರೆತೇ ಜಾಝ್ ರೂಪುಗೊಂಡದ್ದು.

ಮೂರನೆಯದು ನಕಲು. ಒಳ್ಳೆಯ ಸೋಲೊ ಒಂದನ್ನು ಆರಿಸಿ ಒಂದೇ ಕೋರಸ್ ಮೊದಲು ಬಾಯಿಪಾಠ ಮಾಡಿ, ಆಮೇಲೆ ವಾದ್ಯದಲ್ಲಿ ಹುಡುಕಿ, ಬರೆಯುವುದು ಕೊನೆಗೆ. ನೊಟೇಶನ್ ನೋಡಿ ಶುರು ಮಾಡಿದವರಿಗೆ ಸ್ವರಗಳು ಸಿಗುತ್ತವೆ, ಸ್ವಿಂಗ್ ಸಿಗುವುದಿಲ್ಲ. ಒತ್ತು, ಜಾರು, ಹಿಂದೆ ಬೀಳುವ ಸೊಗಸು ಯಾವುದೂ ಕಾಗದಕ್ಕೆ ಇಳಿಯುವುದಿಲ್ಲ.

ಡ್ರಮ್ಸ್ ಸೋಲೊ ಬಂದಾಗ ಕಾರ್ಡ್ ಇರುವುದಿಲ್ಲ, ಬಾರ್ ಎಣಿಕೆ ಮಾತ್ರ ಇರುತ್ತದೆ. ಹೆಚ್ಚು ಜನ ದಾರಿ ತಪ್ಪುವುದು ಅಲ್ಲೇ. ಟ್ಯೂನನ್ನು ಮನಸ್ಸಿನಲ್ಲೇ ಹಾಡುತ್ತಿದ್ದರೆ ತಪ್ಪುವುದಿಲ್ಲ. ನಾಲ್ಕು ನಾಲ್ಕು ಬಾರ್ ಹಂಚಿಕೊಂಡು ನುಡಿಸುವ ‘ಟ್ರೇಡಿಂಗ್ ಫೋರ್ಸ್’ನಲ್ಲಿ ಇನ್ನೊಂದು ತೊಡಕಿದೆ. ಹನ್ನೆರಡರಲ್ಲಿ ನಾಲ್ಕು ಮೂರೇ ಸಲ ಹೋಗುವುದರಿಂದ, ಮೊದಲ ಕೋರಸ್ ಸ್ಯಾಕ್ಸೊಫೋನ್‌ನಿಂದ ಶುರುವಾದರೆ ಮುಂದಿನದು ಡ್ರಮ್ಸ್‌ನಿಂದ ಶುರುವಾಗುತ್ತದೆ. ಇದನ್ನು ಮರೆತು ಐದನೆಯ ಬಾರಿನ ಕಾರ್ಡಿಗೆ ಒಂದನೆಯ ಬಾರಿನ ಮಾತು ನುಡಿಸುವವರು ಬಹಳ.

ಎಲಿಂಗ್ಟನ್ ರೆಕಾರ್ಡಿನಲ್ಲೂ ಎಣಿಸುವವರಿಗೆ ಒಂದು ಬಲೆ ಇದೆ. ಮೊದಲು ಪಿಯಾನೊ ಟ್ಯೂನ್ ಹೇಳುತ್ತದೆ. ಮುಂದೆ ಸೋಲೊ ಸರದಿ: ರೇ ನ್ಯಾನ್ಸ್ ಪಿಟೀಲು, ರೆಕ್ಸ್ ಸ್ಟೂವರ್ಟ್ ಕಾರ್ನೆಟ್, ಬೆನ್ ವೆಬ್‌ಸ್ಟರ್ ಟೆನರ್ ಸ್ಯಾಕ್ಸೊಫೋನ್, ಜೋ ನ್ಯಾಂಟನ್ ಟ್ರಾಂಬೋನ್, ಬಾರ್ನಿ ಬಿಗಾರ್ಡ್ ಕ್ಲಾರಿನೆಟ್. ಪ್ರತಿ ಸೋಲೊಗೂ ಮೊದಲು ನಾಲ್ಕು ಬಾರ್ ಇಡೀ ಬ್ಯಾಂಡ್ ನಿಂತು ವಾದಕ ಒಂಟಿಯಾಗುತ್ತಾನೆ. ಇದಕ್ಕೆ ಬ್ರೇಕ್ ಎನ್ನುತ್ತಾರೆ. ಹನ್ನೆರಡು ಬಾರಿನ ಎಣಿಕೆ ಶುರುವಾಗುವುದು ಬ್ಯಾಂಡ್ ಮತ್ತೆ ಸೇರಿದ ಮೇಲೆ. ಹಾಗಾಗಿ ಒಬ್ಬೊಬ್ಬರಿಗೆ ಹದಿನಾರು ಬಾರ್. ಅಂದಿನ 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ ಮಾತ್ರ ಹಿಡಿಯುತ್ತಿತ್ತು, ಆದ್ದರಿಂದ ಯಾರಿಗೂ ಎರಡನೆಯ ಕೋರಸ್ ಇಲ್ಲ. 1948ರಲ್ಲಿ ಹೆಚ್ಚು ಹೊತ್ತು ನುಡಿಯುವ ಎಲ್‌ಪಿ ತಟ್ಟೆ ಬಂದಮೇಲೆ ರೆಕಾರ್ಡಿನ ಸೋಲೊಗಳು ಉದ್ದವಾದವು, ಎಲ್ಲ ಸಲ ಒಳ್ಳೆಯದಕ್ಕೇ ಎಂದೇನಲ್ಲ.

ಹನ್ನೆರಡರ ಆಚೆ

ಇನ್ನೊಂದು ಮುಖ್ಯ ಚೌಕಟ್ಟು 32 ಬಾರಿನದು. ಎಂಟು ಬಾರಿನ ಒಂದು ಭಾಗ ಎರಡು ಸಲ, ಬೇರೆ ಎಂಟು ಬಾರ್, ಮತ್ತೆ ಮೊದಲನೆಯದು. ನಡುವಿನ ಬೇರೆ ಭಾಗಕ್ಕೆ ಬ್ರಿಜ್ ಎಂದು ಹೆಸರು. ಎಣಿಸುವಾಗ ಹಿಡಿಯಬೇಕಾದ ಗುರುತು ಅದೇ. 1959ರ ‘ಕೈಂಡ್ ಆಫ್ ಬ್ಲೂ’ ಆಲ್ಬಂನಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಈ ಚೌಕಟ್ಟನ್ನು ಇಟ್ಟುಕೊಂಡೇ ಕಾರ್ಡುಗಳ ಓಡಾಟವನ್ನು ಬಹುತೇಕ ನಿಲ್ಲಿಸಿದರು. ‘ಸೋ ವಾಟ್’ನಲ್ಲಿ ಮೊದಲ ಹದಿನಾರು ಬಾರ್ ಡಿ ಡೋರಿಯನ್, ಅಂದರೆ ಡಿ ಸ್ವರವನ್ನು ಷಡ್ಜ ಮಾಡಿಕೊಂಡ ಖರಹರಪ್ರಿಯದ ಸ್ವರಗಳು. ಬ್ರಿಜ್‌ನ ಎಂಟು ಬಾರ್ ಅದೇ ಮೇಳ ಅರ್ಧ ಸ್ವರ ಮೇಲೆ, ಕೊನೆಯ ಎಂಟು ಮತ್ತೆ ಡಿ. ಮೋಡಲ್ ಜಾಝ್ ಎಂದರೆ ಇದು. ನಮ್ಮ ಕಿವಿಗೆ ಬೇಗ ಒಗ್ಗುವ ಬಾಗಿಲೂ ಇದೇ, ಆಧಾರ ಬಹಳ ಹೊತ್ತು ಒಂದೇ ಕಡೆ ನಿಲ್ಲುತ್ತದಲ್ಲ.

ಕರ್ನಾಟಕದವರೂ ಜಾಝ್‌ನವರೂ ಕೂಡಿ ನುಡಿಸಿದಾಗ ನೆಲ ಸಿಕ್ಕಿದ್ದು ಬಹುಪಾಲು ಈ ಬದಿಯಲ್ಲೇ. ಅಮೆರಿಕದ ಆಲ್ಟೊ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರೊಂದಿಗೆ 1983ರಲ್ಲಿ ‘ಜ್ಯೋತಿ’ ಆಲ್ಬಂ ಮಾಡಿದರು. ಬಂಟ್ವಾಳ ತಾಲ್ಲೂಕಿನ ಸಜೀಪದಲ್ಲಿ ಹುಟ್ಟಿ, ಸ್ಯಾಕ್ಸೊಫೋನ್‌ನಲ್ಲಿ ಗಮಕ ನುಡಿಸಿ ತೋರಿಸಿದ ಕದ್ರಿ ಗೋಪಾಲನಾಥ್ ಅವರು ಅಮೆರಿಕದ ರುದ್ರೇಶ್ ಮಹಾಂತಪ್ಪ ಅವರೊಂದಿಗೆ ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಬಂತು. ಎರಡು ಆಲ್ಟೊ ಸ್ಯಾಕ್ಸೊಫೋನ್, ಎರಡು ಸಂಪ್ರದಾಯ. ಯಾರು ಸ್ವರವನ್ನು ಜಾರಿಸುತ್ತಾರೆ, ಯಾರು ಕಡಿದು ನುಡಿಸುತ್ತಾರೆ ಎಂದು ಗಮನಿಸಿದರೆ ಇಬ್ಬರನ್ನೂ ಬೇರೆ ಮಾಡಿ ಕೇಳಬಹುದು.

ಗಾಳಿವಾದ್ಯ ಹಿಡಿದು ಮೊದಲ ಸಲ ಪಿಯಾನೊ ಜೊತೆ ಕೂರುವವರಿಗೆ ಒಂದು ಎಚ್ಚರಿಕೆ. ಪಿಯಾನೊದ ಸಿ ಎಂಬ ಸ್ವರ ಟ್ರಂಪೆಟ್, ಟೆನರ್ ಸ್ಯಾಕ್ಸೊಫೋನ್‌ಗಳಲ್ಲಿ ಡಿ ಎಂದು ಬರೆದಿರುತ್ತದೆ, ಆಲ್ಟೊದಲ್ಲಿ ಎ ಎಂದು. ‘ಸಿ ಬ್ಲೂಸ್’ ಎಂದು ಹೇಳಿದ ಕೂಡಲೇ ಆಲ್ಟೊದವರು ತಮ್ಮ ವಾದ್ಯದ ಸಿ ಹಿಡಿದರೆ ಇಡೀ ಸೋಲೊ ಬೇರೆ ಶ್ರುತಿಯಲ್ಲಿ ಹೋಗುತ್ತದೆ. ಈ ವಾದ್ಯಗಳಿಗೆ ಅನುಕೂಲವಾಗಲೆಂದೇ ಬ್ಲೂಸನ್ನು ಹೆಚ್ಚಾಗಿ ಎಫ್ ಅಥವಾ ಬಿ ಫ್ಲಾಟ್‌ನಲ್ಲಿ ನುಡಿಸುತ್ತಾರೆ, ಆದ್ದರಿಂದ ಸಿ ಕೈಗೆ ಬಂದಮೇಲೆ ಮುಂದಿನ ಅಭ್ಯಾಸ ಅವೆರಡರಲ್ಲಿ. ಪಿಯಾನೊದಲ್ಲಿ ಎರಡು ಬೆರಳಿನ ನಡುಜಾಗ ಎಫ್‌ಗೆ ಎ ಮತ್ತು ಇ ಫ್ಲಾಟ್, ಬಿ ಫ್ಲಾಟ್‌ಗೆ ಡಿ ಮತ್ತು ಎ ಫ್ಲಾಟ್. ಐದನೆಯ ಬಾರಿಗೆ ಒಂದು ಕೀ ಕೆಳಗೆ, ಒಂಬತ್ತನೆಯದಕ್ಕೆ ಒಂದು ಕೀ ಮೇಲೆ ಎಂಬುದು ಅಲ್ಲೂ ಹಾಗೇ ನಡೆಯುತ್ತದೆ.